ಹಿತ್ತಲ ಕೋಳಿಗೆ ‘ಒಂದು ಹಿಡಿ’ ಎಂದರೆ ಎಷ್ಟು ಗ್ರಾಂ?

ಮಾನ್ಯ ಸಂಪಾದಕರೇ,

ಯಲಹಂಕದ ನಮ್ಮ ಬಡಾವಣೆಯಲ್ಲಿ ಮನೆಯ ಹಿಂದಿನ ತುಂಡು ಜಾಗದಲ್ಲೋ ತಾರಸಿಯ ಮೇಲೋ ನಾಲ್ಕಾರು ಕೋಳಿ ಸಾಕುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬ. ಹೊಸದಾಗಿ ಸಾಕತೊಡಗಿದವರೆಲ್ಲ ಮೊದಲು ಕೇಳುವುದು, ಒಂದು ಕೋಳಿಗೆ ದಿನಕ್ಕೆ ಎಷ್ಟು ಆಹಾರ ಹಾಕಬೇಕು ಎಂದು. ಹಳಬರು ಕೊಡುವ ಉತ್ತರವೂ ಒಂದೇ: ‘ಒಂದು ಹಿಡಿ ಹಾಕಿ, ಸಾಕು.’ ಈ ಉತ್ತರದಿಂದ ಆಗುತ್ತಿರುವ ತೊಂದರೆಯ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ.

ಹಳ್ಳಿಯಲ್ಲಿ ಆ ಒಂದು ಹಿಡಿ ಸಾಕಾಗುತ್ತಿದ್ದುದು ನಿಜ. ಆದರೆ ಅಲ್ಲಿ ಕೋಳಿ ಬೆಳಗಿನಿಂದ ತಿಪ್ಪೆ ಕೆದರಿ, ಕಣದಲ್ಲಿ ಉದುರಿದ ಕಾಳು ಹೆಕ್ಕಿ, ಹುಳುಹುಪ್ಪಟೆ ಹಿಡಿದು, ಹುಲ್ಲಿನ ಚಿಗುರು ಕಿತ್ತು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಅಜ್ಜಿ ಸಂಜೆ ಹಾಕುತ್ತಿದ್ದ ಹಿಡಿ ನುಚ್ಚು ಅದನ್ನು ಗೂಡಿಗೆ ಕರೆಯಲು ಕೊಡುತ್ತಿದ್ದ ಲಂಚವೇ ಹೊರತು ಊಟವಾಗಿರಲಿಲ್ಲ. ಬೆಂಗಳೂರಿನ 30×40 ಸೈಟಿನಲ್ಲಿ, ಕಾಂಪೌಂಡಿನ ತನಕ ಸಿಮೆಂಟು ಹಾಕಿದ ಮೇಲೆ, ಕೋಳಿ ಕೆದರುವುದಕ್ಕೆ ಏನು ಉಳಿದಿದೆ? ಇಲ್ಲಿ ನಾವು ಹಾಕಿದ್ದೇ ಅದರ ಪೂರ್ತಿ ಊಟ.

ಅಲ್ಲದೆ ಹಿಡಿ ಎಂಬುದು ಅಳತೆಯೇ ಅಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಹಳೆಯ ಪಾವೊಂದಿದೆ. ಅದರಲ್ಲಿ ಅಕ್ಕಿ ನುಚ್ಚನ್ನು ಅಂಚಿನ ಮಟ್ಟಕ್ಕೆ ತುಂಬಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ; ಅದೇ ಪಾವಿಗೆ ತವುಡು ತುಂಬಿ ತೂಗಿದಾಗ ನುಚ್ಚಿನ ಅರ್ಧದಷ್ಟೂ ತೂಗಲಿಲ್ಲ. ಪಾವಿನ ಗತಿಯೇ ಹೀಗಾದರೆ, ನನ್ನ ಹಿಡಿಗೂ ಮೊಮ್ಮಗಳ ಹಿಡಿಗೂ ಇರುವ ವ್ಯತ್ಯಾಸವನ್ನು ಬೇರೆ ಹೇಳಬೇಕಾಗಿಲ್ಲ.

ಮೊಟ್ಟೆಯಿಡುವ ಹೇಂಟೆಯೊಂದಕ್ಕೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಸಮತೋಲಿತ ಆಹಾರ, ಅಂದರೆ ಅಂಗಡಿಯಲ್ಲಿ ಲೇಯರ್ ಮ್ಯಾಶ್ ಎಂದು ಮಾರುವ ಆಹಾರ ಬೇಕು. ಹಗುರ ಮೈಯ ನಾಟಿ ಹೇಂಟೆಗೆ ಇದಕ್ಕಿಂತ ಕಡಿಮೆ ಸಾಕು, ಗಿರಿರಾಜದಂಥ ದಪ್ಪ ತಳಿಗೆ ಇನ್ನಷ್ಟು ಹಿಡಿಯುತ್ತದೆ. ಆದರೆ ಈ ಅಂಕಿಯನ್ನು ಕೇಳಿಸಿಕೊಂಡ ಹಲವರು 110 ಗ್ರಾಂ ಅಕ್ಕಿಯನ್ನು ತೂಗಿ ಹಾಕುತ್ತಾರೆ. ಅಸಲು ತಪ್ಪು ಆಗುವುದು ಇಲ್ಲಿಯೇ. ಲೇಯರ್ ಮ್ಯಾಶ್‌ನಲ್ಲಿ ಶೇ 16ರಿಂದ 18ರಷ್ಟು ಪ್ರೋಟೀನ್ ಇರುತ್ತದೆ, ಅಕ್ಕಿಯಲ್ಲಿರುವುದು ಅದರ ಅರ್ಧಕ್ಕೂ ಕಡಿಮೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಹೇಂಟೆಗೆ ದಿನಕ್ಕೆ 4 ಗ್ರಾಂನಷ್ಟು ಬೇಕಾಗುತ್ತದೆ. ಕ್ಯಾಲ್ಸಿಯಂಗೆ ಹೆಸರಾದ ನಮ್ಮ ರಾಗಿಯನ್ನೇ 110 ಗ್ರಾಂ ಹಾಕಿದರೂ ಸಿಗುವುದು ಅರ್ಧ ಗ್ರಾಂಗಿಂತ ಕಡಿಮೆ. ಉಳಿದದ್ದನ್ನು ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ, ಅದೂ ಸಾಲದಾದಾಗ ತೊಗಲಿನಂತೆ ಮೆತ್ತಗಿನ ಮೊಟ್ಟೆ ಇಡುತ್ತದೆ, ಆಮೇಲೆ ಇಡುವುದನ್ನೇ ನಿಲ್ಲಿಸುತ್ತದೆ. ಆಗ ನಾವು ಕೋಳಿಯನ್ನು ಬೈಯುತ್ತೇವೆ.

ಅಕ್ಕಿ, ಜೋಳ, ಅನ್ನ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರದಂತೆ, ಅಂದರೆ ಕೋಳಿಗೆ ಒಂದು ದೊಡ್ಡ ಚಮಚದಷ್ಟು, ಕಾಳನ್ನು ಸಂಜೆ ಎರಚಿದರೆ ಅಡ್ಡಿಯಿಲ್ಲ; ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಕಟ್ಟಿ ನೇತುಹಾಕಿದರೆ ಒಳ್ಳೆಯದೇ. ನಮ್ಮ ಮೇಲಿನ ಮನೆಯ ಅಜ್ಜಿ ಪುಣ್ಯ ಬರಲೆಂದು ಮಿಕ್ಕ ಚಿತ್ರಾನ್ನವನ್ನು ಬಾಲ್ಕನಿಯಿಂದ ಕೋಳಿಗಳಿಗೆ ಎಸೆಯುತ್ತಿದ್ದರು. ಅದರ ಉಪ್ಪು, ಎಣ್ಣೆ ಕೋಳಿಗೆ ಆಗದು ಎಂದು ಅವರಿಗೆ ತಿಳಿಸಲು ನನಗೆ ಒಂದು ತಿಂಗಳು ಬೇಕಾಯಿತು. ಈಗ ಸೊಪ್ಪಿನ ಕಡ್ಡಿ ಹಾಕುತ್ತಾರೆ.

120 ಗ್ರಾಂ ಎಂಬುದೂ ಕಲ್ಲಿನ ಮೇಲೆ ಕೆತ್ತಿದ ಅಂಕಿಯಲ್ಲ. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಆಹಾರ ತಾನಾಗಿ ಕಡಿಮೆ ಮಾಡುತ್ತದೆ, ನೀರು ಮಾತ್ರ ದುಪ್ಪಟ್ಟು ಕುಡಿಯುತ್ತದೆ. ಆಗ ಬೆಳಗಿನ ತಂಪಿನಲ್ಲಿ ಅರ್ಧ, ಸಂಜೆ ಅರ್ಧ ಹಾಕುವುದು ಲೇಸು. ಡಿಸೆಂಬರ್‌ನ ಚಳಿಯಲ್ಲಿ ತುಸು ಹೆಚ್ಚು ತಿನ್ನುತ್ತದೆ. ಆದ್ದರಿಂದ ನಾನು ಅನುಸರಿಸುವ ಕ್ರಮವೆಂದರೆ, ಮೂರು ದಿನ ತೂಗಿ ಹಾಕಿ, ಕತ್ತಲಾದ ಮೇಲೆ ತೊಟ್ಟಿಯಲ್ಲಿ ಮಿಕ್ಕಿದ್ದನ್ನು ಮತ್ತೆ ತೂಗಿ ಕಳೆಯುವುದು. ಗೂಡು ಸೇರಿದ ಹೇಂಟೆಯನ್ನು ಮೆಲ್ಲಗೆ ಹಿಡಿದು ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡುವುದು ಇನ್ನೂ ಸುಲಭ: ರಾತ್ರಿ ಅದು ತುಂಬಿ, ಮೆತ್ತಗೆ ನಿಂಬೆಹಣ್ಣಿನಷ್ಟಾದರೂ ಇರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ರಾತ್ರಿಯೇ ಚಪ್ಪಟೆಯಾಗಿದ್ದರೆ ಆಹಾರ ಸಾಲಲಿಲ್ಲ ಅಥವಾ ಜೋರಿನ ಕೋಳಿ ಅದನ್ನು ತೊಟ್ಟಿಯ ಹತ್ತಿರ ಬಿಡಲಿಲ್ಲ ಎಂದರ್ಥ. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಹೆಚ್ಚು ಹಾಕಿದರೂ ನಷ್ಟವೇ. ರಾತ್ರಿ ತೊಟ್ಟಿಯಲ್ಲಿ ಉಳಿದದ್ದು ಹೆಗ್ಗಣದ ಪಾಲು, ಹೆಗ್ಗಣ ಬಂದ ಮೇಲೆ ನೆರೆಯವರ ದೂರು ಬರಲು ತಡವಿಲ್ಲ. ಐದು ಹೇಂಟೆಗೆ ತಿಂಗಳಿಗೆ ಹದಿನಾರು, ಹದಿನೇಳು ಕಿಲೋ ಸಾಕಾಗಿರುವಾಗ, ಅಗ್ಗವೆಂದು 50 ಕಿಲೋ ಮೂಟೆ ತಂದಿಟ್ಟರೆ ಮೂರು ತಿಂಗಳು ಕೂರುತ್ತದೆ; ಮಳೆಗಾಲದಲ್ಲಿ ತಂಡಿ ಹಿಡಿದು ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ನಾವು ಮೂರು ಮನೆಯವರು ಸೇರಿ ಒಂದು ಮೂಟೆ ಹಂಚಿಕೊಳ್ಳುತ್ತೇವೆ.

ಇನ್ನು ನನ್ನ ಅಸಲು ದೂರಿಗೆ ಬರುತ್ತೇನೆ. ಮೊದಲ ವರ್ಷ ಆರು ಮರಿ ತಂದಾಗ, ಹತ್ತಿರದ ಅಂಗಡಿಯೊಂದರಲ್ಲಿ ಕೋಳಿ ಆಹಾರ ಕೇಳಿದೆ. ಬಾಯಿ ತೆರೆದಿದ್ದ ಮೂಟೆಯಿಂದ ಐದು ಕಿಲೋ ತೂಗಿ, ಗುರುತಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ಯಾವ ವಯಸ್ಸಿನ ಕೋಳಿ ಎಂದು ಅವರು ಕೇಳಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಎರಡು ವಾರದಲ್ಲಿ ಮರಿಗಳು ಮಂಕಾಗಿ, ಎರಡು ಸತ್ತವು. ಅದು ಮೊಟ್ಟೆಕೋಳಿಗೆ ಕೊಡುವ ಆಹಾರವೆಂದೂ, ಅದರಲ್ಲಿನ ಹೆಚ್ಚಿನ ಕ್ಯಾಲ್ಸಿಯಂ ಎಳೆಯ ಮರಿಗಳ ಮೂತ್ರಪಿಂಡಕ್ಕೆ ಹಾನಿಯೆಂದೂ ಪಶುವೈದ್ಯರು ತಿಳಿಸಿದ ಮೇಲೆಯೇ ನನಗೆ ಅರ್ಥವಾದದ್ದು. ಸಾವಿಗೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಮರಿಗೆ ಎಂಟು ವಾರದವರೆಗೆ ಚಿಕ್ ಸ್ಟಾರ್ಟರ್, ಆಮೇಲೆ ಗ್ರೋವರ್, ಮೊಟ್ಟೆ ಶುರುವಾಗುವ ಹೊತ್ತಿಗೆ ಲೇಯರ್ ಎಂಬ ಮೂರು ಹೆಸರು ಚೀಲದ ಮೇಲೆ ಇದ್ದಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲ.

ಕೋಳಿ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 1374 ಎಂಬ ಮಾನದಂಡವೇ ಇದೆ. ಮೂಟೆಯ ಮೇಲೆ ಮುದ್ರಿಸಿದ ವಿವರ, ಮೂಟೆ ಬಿಚ್ಚಿ ಕಿಲೋ ಲೆಕ್ಕದಲ್ಲಿ ಮಾರುವಾಗ ಕೊಳ್ಳುವವನ ಕೈಸೇರುವುದಿಲ್ಲ. ಆದ್ದರಿಂದ ಬಿಡಿಯಾಗಿ ಮಾರುವ ಅಂಗಡಿಯವರು ಪ್ರತಿ ಚೀಲದೊಳಗೆ ಅಂಗೈಯಗಲದ ಕನ್ನಡದ ಚೀಟಿಯೊಂದನ್ನು ಹಾಕಲಿ: ಯಾವ ವಯಸ್ಸಿನ ಕೋಳಿಗೆ, ದಿನಕ್ಕೆ ಎಷ್ಟು ಗ್ರಾಂ, ತಯಾರಾದ ತಾರೀಖು. ಗಿರಿರಾಜ, ಸ್ವರ್ಣಧಾರಾ ತಳಿಗಳು ರೂಪುಗೊಂಡ ಹೆಬ್ಬಾಳವೂ, ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಿರುವ ಹೆಸರಘಟ್ಟವೂ ಈ ನಗರದ ಮಗ್ಗುಲಲ್ಲೇ ಇವೆ. ಆ ಚೀಟಿಯ ಒಕ್ಕಣೆಯನ್ನು ಸಿದ್ಧಪಡಿಸಲು ಬೇಕಾದ ತಜ್ಞರನ್ನು ಪಶುಪಾಲನಾ ಇಲಾಖೆ ದೂರ ಹುಡುಕಬೇಕಿಲ್ಲ. ನನ್ನ ಕೈಗೆ ಸಿಕ್ಕ ಕೈಪಿಡಿಗಳೆಲ್ಲ ಸಾವಿರ ಕೋಳಿಯ ಶೆಡ್ಡಿನ ಲೆಕ್ಕ ಹೇಳುತ್ತವೆ. ಐದು ಕೋಳಿಯ ಮನೆಯವರಿಗೆಂದೇ ಒಂದು ಪುಟದ ಮಾಹಿತಿಯನ್ನು ಇಲಾಖೆಯು ನಗರದ ಪಶು ಆಸ್ಪತ್ರೆಗಳಲ್ಲಿ, ಬರುವ ಬೇಸಿಗೆಯೊಳಗೆ, ದೊರಕಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಯಲಹಂಕ, ಬೆಂಗಳೂರು