ನೈಟ್ ಶಿಫ್ಟ್ ದೆವ್ವದ ವಿಷಯ, ಎಲ್ರೂ ಓದಿ

ಸ್ಟೋರ್ ರೂಮ್ ಹತ್ರ ಯಾರೋ ಹಿಂದೆ ನಿಂತ ಹಾಗಾಗುತ್ತೆ, ಕಣ್ಣಂಚಲ್ಲಿ ನೆರಳು ಕಾಣುತ್ತೆ ಅಂತ ಸುಮಾರು ಜನ ಮೆಸೇಜ್ ಹಾಕಿದೀರ, ಅವರನ್ನ ಯಾರೂ ಗೇಲಿ ಮಾಡ್ಬೇಡಿ ಪ್ಲೀಸ್, ಆ ಭಯ ನಿಜವಾದ್ದೇ. ಇಂಗ್ಲೆಂಡಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್‌ಗೂ ರಾತ್ರಿ ಲ್ಯಾಬಲ್ಲಿ ಒಬ್ರೇ ಇದ್ದಾಗ ಹೀಗೇ ಆಗಿತ್ತು, ಮೈಯೆಲ್ಲಾ ತಣ್ಣಗಾಗಿ ಪಕ್ಕದಲ್ಲಿ ಬೂದು ಆಕೃತಿ ಬೇರೆ, ತಿರುಗಿ ನೋಡಿದ್ರೆ ಮಾಯ! ಮಾರನೇ ದಿನ ವೈಸಲ್ಲಿ (ವಸ್ತು ಅಲ್ಲಾಡದ ಹಾಗೆ ಹಿಡಿದಿಡೋ ಇಕ್ಕಳದಲ್ಲಿ) ಕಚ್ಚಿಸಿಟ್ಟಿದ್ದ ಫೆನ್ಸಿಂಗ್ ಕತ್ತಿ ತಾನಾಗೇ ಅದುರೋಕೆ ಶುರುವಾಯ್ತಂತೆ, ಹುಡುಕಿದ್ರೆ ಹೊಸದಾಗಿ ಹಾಕಿದ್ದ ಫ್ಯಾನಿಂದ ಸುಮಾರು 19 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 19 ಸಲ ಅದುರೋ) ಶಬ್ದ ಬರ್ತಿತ್ತು, ಅಷ್ಟು ಕಡಿಮೆ ಇದ್ರೆ ಸಾಮಾನ್ಯವಾಗಿ ಕಿವಿಗೆ ಕೇಳಲ್ಲ. ಫ್ಯಾನ್ ಸರಿ ಮಾಡಿದ್ಮೇಲೆ ಕಾಟ ನಿಂತ್ಹೋಯ್ತು, ಆ ಶಬ್ದದಿಂದ್ಲೇ ಹಾಗೆಲ್ಲ ಆಗಿರ್ಬೇಕು ಅಂತ 1998ರಲ್ಲಿ ಇದನ್ನೆಲ್ಲ ಬರೆದು ಪ್ರಕಟ ಮಾಡಿದ್ರು. ಎಲ್ಲ ದೆವ್ವಕ್ಕೂ ಇದೇ ಕಾರಣ ಅಂತ ನಾನು ಹೇಳ್ತಿಲ್ಲ.

ಇನ್ನೊಂದು ತುಂಬಾ ಮುಖ್ಯ, ತಲೆನೋವು ವಾಕರಿಕೆ ತಲೆಸುತ್ತು ಜೊತೆಗೆ ಏನಾದ್ರೂ ಕಂಡ್ರೆ ತಕ್ಷಣ ಹೊರಗೆ ಬನ್ನಿ, ಜನರೇಟರ್ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಭ್ರಮೆ ಹುಟ್ಟಿಸುತ್ತೆ, ಜೀವಾನೂ ತೆಗೆಯುತ್ತೆ. ಯಾವಾಗ, ಎಲ್ಲಿ, ಯಾವ ಮಷೀನ್ ಓಡ್ತಿತ್ತು ಅಂತ ಇಲ್ಲೇ ಬರೀರಿ, ಮೇಂಟೆನೆನ್ಸ್‌ನವ್ರಿಗೆ ನಾನೇ ತೋರಿಸ್ತೀನಿ, ಅಲ್ಲೀವರ್ಗೂ ಆ ರೂಮಿಗೆ ಯಾರೂ ಒಬ್ರೇ ಹೋಗ್ಬೇಡಿ.