ತಾಮ್ರವೋ ಅಲ್ಯೂಮಿನಿಯಮ್ಮೋ: ಹಳೇ ಜೀಪಿನ ರೇಡಿಯೇಟರ್ ಬಗ್ಗೆ ಗೆಳೆಯನಿಗೊಂದು ಪತ್ರ

ಮಡಿಕೇರಿ

ಪ್ರೀತಿಯ ಗೆಳೆಯ,

ನಿನ್ನ ಮಹೀಂದ್ರ ಎಂಎಂ 540 ಜೀಪಿನ ರೇಡಿಯೇಟರ್ ಕೆಳಗಡೆ ಸೋರುತ್ತಿದೆ, ಮಾಂದಲಪಟ್ಟಿಯ ಏರಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟುತ್ತಿದೆ, ಮೂರು ಕಡೆ ಕೇಳಿದರೆ ಮೂರು ಉತ್ತರ ಸಿಕ್ಕಿದೆ ಅಂತ ಬರೆದಿದ್ದೀಯ. ಒಬ್ಬರು ನಾಲ್ಕು ಸಾಲು ಟ್ಯೂಬಿನ ತಾಮ್ರದ್ದು ಹಾಕು ಅಂದರು, ಇನ್ನೊಬ್ಬರು ಅಲ್ಯೂಮಿನಿಯಂ ಅಂದರು, ಮತ್ತೊಬ್ಬರು ಇದಕ್ಕೇ ಬೆಸುಗೆ ಹಾಕಿ ಕೊಡುತ್ತೇನೆ ಅಂದರು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೂರು ಸಾಲಿನ ತಾಮ್ರದ ಕೋರ್ (ನೀರು ಟ್ಯೂಬ್‌ಗಳಲ್ಲಿ ಹರಿದು ತಣಿಯುವ ನಡುಭಾಗ). ಕೋರಿನ ಮೇಲೂ ಕೆಳಗೂ ನೀರು ನಿಲ್ಲುವ ಹಳೇ ಹಿತ್ತಾಳೆ ಟ್ಯಾಂಕ್ ಗಟ್ಟಿಯಿದ್ದರೆ ಅದಕ್ಕೇ ಕೂರಿಸಿದ್ದು. ಟ್ಯೂಬ್‌ಗಳ ನಡುವಿನ ತೆಳು ತಗಡಿನ ಫಿನ್ ತೀರಾ ಒತ್ತೊತ್ತಾಗಿರಬಾರದು. ಫ್ಯಾನಿನ ಸುತ್ತ ಶ್ರೌಡ್, ಅಂದರೆ ಗಾಳಿಯನ್ನು ಇಡೀ ಕೋರಿನಿಂದ ಎಳೆಯಿಸುವ ಕವಚ, ಇರಲೇಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಆದರೆ ಅದಕ್ಕೂ ಮುಂಚೆ ಒಂದು ಕೆಲಸವಿದೆ.

ಸೋರುವುದು ಒಂದು ರೋಗ, ಕಾಯುವುದು ಇನ್ನೊಂದು. ಎರಡೂ ರೇಡಿಯೇಟರಿನದ್ದೇ ಆಗಿರಬೇಕೆಂದಿಲ್ಲ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರು ಕಂಠದವರೆಗೆ ತುಂಬಿಸಿ, ಸ್ಟಾರ್ಟ್ ಮಾಡಿ ನೋಡು. ಗುಳ್ಳೆಗಳು ಬಿಡದೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ, ಕೆಟ್ಟಿರುವುದು ಹೆಡ್ ಗ್ಯಾಸ್ಕೆಟ್, ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು. ಅದಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ದುಡ್ಡು ದಂಡ.

ಗ್ಯಾಸ್ಕೆಟ್ ಸರಿಯಿದ್ದರೆ ಇನ್ಫ್ರಾರೆಡ್ ಥರ್ಮಾಮೀಟರ್ ಯಾರ ಹತ್ತಿರವಾದರೂ ಇಸ್ಕೋ. ಏರು ಹತ್ತಿಸಿ ನಿಲ್ಲಿಸಿದ ಕೂಡಲೇ, ಎಂಜಿನ್ ಓಡುತ್ತಿರುವಾಗಲೇ, ಮೇಲಿನ ಮತ್ತು ಕೆಳಗಿನ ಹೋಸ್ ಕೂರುವ ಕೊಳವೆಗಳ ಬಿಸಿ ಅಳೆ. ಸಾಮಾನ್ಯವಾಗಿ 5ರಿಂದ 10 ಡಿಗ್ರಿ ವ್ಯತ್ಯಾಸ ಇರುತ್ತದೆ. ವ್ಯತ್ಯಾಸ ಒಂದೆರಡೇ ಡಿಗ್ರಿ ಇದ್ದು ಎಂಜಿನ್ ಕಾಯುತ್ತಿದ್ದರೆ ನೀರು ಓಡುತ್ತಿದೆ, ಗಾಳಿ ಸಾಲುತ್ತಿಲ್ಲ: ಫಿನ್‌ನಲ್ಲಿ ಮಣ್ಣು, ಸಡಿಲ ಬೆಲ್ಟ್, ಇಲ್ಲದ ಶ್ರೌಡ್. ವ್ಯತ್ಯಾಸ 20 ಡಿಗ್ರಿ ದಾಟಿದರೆ ಗಾಳಿ ಸಾಕಷ್ಟಿದೆ, ನೀರು ಓಡುತ್ತಿಲ್ಲ: ಕಟ್ಟಿಕೊಂಡ ಟ್ಯೂಬ್, ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್). ಹಾಗೇ ಕೋರ್ ಮೇಲೆ ಅಲ್ಲಲ್ಲಿ ಅಳೆಯುತ್ತಾ ಹೋಗು. ಸುತ್ತ ಬಿಸಿಯಿದ್ದು ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬ್‌ಗಳು ಸತ್ತಿವೆ ಅಂತಲೇ ಅರ್ಥ.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಡು. 82 ಡಿಗ್ರಿ ಅಂತ ಕೊರೆದಿರುವುದು ಆ ಬಿಸಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಬೇಕು. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಅಷ್ಟರೊಳಗೆ ಅದು ಪೂರ್ತಿ ತೆರೆದಿರಬೇಕು, ಇಲ್ಲದಿದ್ದರೆ ಎಸೆ. ಕಿತ್ತು ಹಾಗೇ ಓಡಿಸೋಣ ಎನ್ನುವವರ ಮಾತು ಮಾತ್ರ ಕೇಳಬೇಡ. ಮಂಜಿನ ಬೆಳಿಗ್ಗೆ ಡೀಸೆಲ್ ಎಂಜಿನ್ ಬಿಸಿಯೇರದೆ ಹೊಗೆ ಉಗುಳುತ್ತಾ ಸವೆಯುತ್ತದೆ. ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚುವಂಥ ಎಂಜಿನ್ ಆಗಿದ್ದರೆ ಕಿತ್ತ ಮೇಲೆ ಆ ದಾರಿ ಸದಾ ತೆರೆದೇ ಇರುತ್ತದೆ, ಒಂದು ಪಾಲು ನೀರು ರೇಡಿಯೇಟರ್ ಮುಟ್ಟದೆಯೇ ವಾಪಸ್ ತಿರುಗುತ್ತದೆ.

ಈಗ ಆಯ್ಕೆಗೆ ಬರೋಣ. ನಮ್ಮ ಕಡೆ ಜೀಪು ಕಾಯುವುದು ಹೆದ್ದಾರಿಯಲ್ಲಲ್ಲ. ಕಾಫಿ ಮೂಟೆ ಹೇರಿಕೊಂಡು, ಫೋರ್ ವೀಲ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನ ಗೇರು) ಹಾಕಿ, ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಏರು ಹತ್ತುವಾಗ. ಆಗ ಓಟದಿಂದ ಬರುವ ಗಾಳಿ ಸೊನ್ನೆ ಅಂತಲೇ ಲೆಕ್ಕ. ಫ್ಯಾನ್ ಎಳೆದಷ್ಟೇ ಗಾಳಿ. ನಾಲ್ಕು ಸಾಲಿನ ಕೋರ್ ಸೋಲುವುದು ಇಲ್ಲಿಯೇ. ಮೊದಲ ಮೂರು ಸಾಲು ದಾಟುವಷ್ಟರಲ್ಲಿ ಗಾಳಿ ಚೆನ್ನಾಗಿ ಕಾದಿರುತ್ತದೆ, ನಾಲ್ಕನೆಯ ಸಾಲಿಗೆ ಬಿಸಿಗಾಳಿಯೇ ಗತಿ. ಮೇಲಾಗಿ ಕೋರ್ ದಪ್ಪವಾದಷ್ಟೂ ಗಾಳಿ ತೂರುವುದು ಕಷ್ಟ, ಒಟ್ಟು ಗಾಳಿಯೇ ಕಡಿಮೆಯಾಗುತ್ತದೆ. ಎರಡರಿಂದ ಮೂರಕ್ಕೆ ಹೋದರೆ ಲಾಭ ಕಣ್ಣಿಗೆ ಕಾಣುತ್ತದೆ. ಮೂರರಿಂದ ನಾಲ್ಕಕ್ಕೆ ಹೋದರೆ ತೂಕ ಕಾಣುತ್ತದೆ. ಜೊತೆಗೆ ಕೋರ್ ಹಿಂದಕ್ಕೆ ಬಂದು ಫ್ಯಾನಿಗೆ ತಾಗುವ ಭಯ ಬೇರೆ. ಫ್ಯಾನ್ ಎಲೆಗೂ ಕೋರಿಗೂ ಕನಿಷ್ಠ 20 ಮಿಲಿಮೀಟರ್ ಬಿಡು, 25 ಇದ್ದರೆ ಒಳ್ಳೆಯದು. ಕುಣಿಯುವ ದಾರಿಯಲ್ಲಿ ಎಂಜಿನ್ ಮೌಂಟಿಂಗ್ ರಬ್ಬರಿನ ಮೇಲೆ ಎಷ್ಟು ಆಡುತ್ತದೆ ಅಂತ ನಿನಗೇ ಗೊತ್ತು.

ಫಿನ್ ವಿಷಯದಲ್ಲೂ ಇದೇ ಮಾತು. ಇಂಚಿಗೆ 14-16 ಫಿನ್ ಇರುವ ಕೋರ್ ಕಾಗದದ ಮೇಲೆ ಚೆನ್ನ. ನಮ್ಮ ಕೆಸರಿಗೆ, ಹುಲ್ಲಿನ ಬೀಜಕ್ಕೆ, ಸಿಲ್ವರ್ ಓಕ್ ಎಲೆಯ ಚೂರಿಗೆ ಇಂಚಿಗೆ 10ರಿಂದ 12 ಸಾಕು. ಕೆಂಪು ಮಣ್ಣು ಫಿನ್ ನಡುವೆ ಒಣಗಿದರೆ ಇಟ್ಟಿಗೆಯೇ. ಒಣಗುವ ಮೊದಲು, ಎಂಜಿನ್ ಕಡೆಯಿಂದ ಹೊರಗಡೆಗೆ, ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ತೊಳೆಯಬೇಕು. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಮುಂದೆ ಸೊಳ್ಳೆಪರದೆ ಕಟ್ಟುವವರಿದ್ದಾರೆ. ಬೀಜ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ.

ತಾಮ್ರವೋ ಅಲ್ಯೂಮಿನಿಯಮ್ಮೋ ಎನ್ನುವ ಜಗಳ ಸುಮ್ಮನೆ ಬಿಸಿಯೇರುತ್ತದೆ. ಲೋಹವಾಗಿ ತಾಮ್ರ ಹೆಚ್ಚು ಶಾಖ ಹರಿಸುತ್ತದೆ, ನಿಜ. ಆದರೆ ತಾಮ್ರದ ರೇಡಿಯೇಟರಿನಲ್ಲಿ ತಾಮ್ರ ಇರುವುದು ಫಿನ್‌ನಲ್ಲಿ. ಟ್ಯೂಬ್ ಹಿತ್ತಾಳೆ, ನಡುವೆ ಬೆಸುಗೆ. ಅಲ್ಯೂಮಿನಿಯಂ ಕೋರ್‌ನಲ್ಲಿ ಟ್ಯೂಬ್ ಅಗಲವಾಗಿರುವುದರಿಂದ ಫಿನ್‌ಗೆ ತಾಗುವ ಜಾಗ ಹೆಚ್ಚು, ಒಂದಿಂಚು ಅಗಲದ ಎರಡು ಸಾಲು ಹಳೇ ಮಾದರಿಯ ನಾಲ್ಕು ಸಾಲಿಗೆ ಸಮ ನಿಲ್ಲಬಲ್ಲದು. ಹಗುರ ಕೂಡ. ತಣಿಸುವ ಲೆಕ್ಕದಲ್ಲಿ ಅಲ್ಯೂಮಿನಿಯಂ ಏನೂ ಕಮ್ಮಿಯಲ್ಲ.

ಹಾಗಿದ್ದರೂ ನಾನು ತಾಮ್ರ ಅನ್ನುವುದು ರಿಪೇರಿಯ ದೃಷ್ಟಿಯಿಂದ. ಟ್ಯೂಬಿಗೆ ಕಲ್ಲು ಬಡಿದು ತೂತಾದರೆ ತಾಮ್ರದ್ದಕ್ಕೆ ರೇಡಿಯೇಟರ್ ಕೆಲಸ ಬಲ್ಲ ಯಾವ ಸಣ್ಣ ಅಂಗಡಿಯಲ್ಲೂ ಬೆಸುಗೆ ಹಾಕಿಸಬಹುದು, ಸತ್ತ ಒಂದೆರಡು ಟ್ಯೂಬ್ ಮುಚ್ಚಿಸಿ ಮನೆ ಸೇರಬಹುದು. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ವೆಲ್ಡಿಂಗ್ ಬೇಕು, ಅದರಲ್ಲೂ ತೆಳು ಟ್ಯೂಬಿಗೆ ಪಳಗಿದ ಕೈ ಬೇಕು. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕಚ್ಚಿಸಿರುವ ಜಾತಿ ಹಳೇ ಜೀಪಿಗೆ ಬೇಡವೇ ಬೇಡ. ಫ್ರೇಮ್ ತಿರುಚಿದಂತೆಲ್ಲ ಆ ಕಚ್ಚಿನ ಸಾಲಿನ ರಬ್ಬರ್ ಗ್ಯಾಸ್ಕೆಟ್‌ನಲ್ಲಿ ಜಿನುಗಲು ಶುರುವಾಗುತ್ತದೆ, ಬಿಸಿಗೆ ಪ್ಲಾಸ್ಟಿಕ್ ಪೆಡಸಾಗಿ ಹೋಸ್ ಕೂರುವ ಜಾಗದಲ್ಲೇ ಸೀಳುತ್ತದೆ.

ಇಷ್ಟಾದ ಮೇಲೂ ಪೂರ್ತಿ ಅಲ್ಯೂಮಿನಿಯಮ್ಮೇ ಬೇಕು ಎಂದರೆ ಒಂದು ಪರೀಕ್ಷೆ ಮಾಡಿಸಿ ಆಮೇಲೆ ಹಾಕು. ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಲೋಹಕ್ಕೆ ತಾಗದಂತೆ ರೇಡಿಯೇಟರಿನ ಕೂಲೆಂಟ್ (ತಣಿಸುವ ದ್ರವ) ಒಳಗೆ. ಸ್ಟಾರ್ಟರ್ ಹೊಡೆಯುವಾಗ ಒಮ್ಮೆ, ಲೈಟೆಲ್ಲ ಹಾಕಿ ಒಮ್ಮೆ ನೋಡು. 0.1 ವೋಲ್ಟ್ ದಾಟಿದರೆ ಎಲ್ಲೋ ಅರ್ಥ್ ಕೆಟ್ಟಿದೆ, ಕರೆಂಟು ನೀರಿನ ಮೂಲಕ ದಾರಿ ಹುಡುಕುತ್ತಿದೆ ಎಂದರ್ಥ. ಹಳೇ ಜೀಪಿನ ವೈರಿಂಗ್‌ನಲ್ಲಿ ಇದು ಅಪರೂಪವಲ್ಲ. ಹೊಸ ಅಲ್ಯೂಮಿನಿಯಂ ಕೋರಿಗೆ ಅದರಿಂದ ಕೆಲವೇ ತಿಂಗಳಲ್ಲಿ ಸೂಜಿತೂತು ಬೀಳುತ್ತದೆ, ಬೈಗುಳ ಮಾತ್ರ ಮಾರಿದವನಿಗೆ.

ನಿನ್ನ ಹಳೇದನ್ನು ಬಿಚ್ಚಿಸಿದಾಗ ಫಿನ್ ಮುಟ್ಟಿ ನೋಡು. ಉಗುರು ತಾಗಿಸಿದರೆ ಹಸಿರು ಪುಡಿಯಾಗಿ ಉದುರಿದರೆ ಕೋರ್ ಮುಗಿಯಿತು. ಬೆಸುಗೆ, ಕಡ್ಡಿ ಹೊಡೆಸಿ ಟ್ಯೂಬ್ ಬಿಡಿಸುವುದು, ಎಲ್ಲ ದಂಡ. ಫಿನ್ ಗಟ್ಟಿಯಿದ್ದು ಟ್ಯೂಬ್ ಬಾಯಲ್ಲಿ ಬಿಳಿ ಹರಳು ಮಾತ್ರ ಕಟ್ಟಿದ್ದರೆ ಟ್ಯಾಂಕ್ ತೆಗೆಸಿ ಕಡ್ಡಿ ಹೊಡೆಸಿದರೂ ಇನ್ನೊಂದಷ್ಟು ಕಾಲ ನಡೆಯುತ್ತದೆ. ಸೋರಿಕೆಗೆ ಅರಿಶಿನಪುಡಿ ಹಾಕುವ ವಿದ್ಯೆ ಅಜ್ಜಂದಿರ ಕಾಲದ್ದು. ದಾರಿಯಲ್ಲಿ ಸಿಕ್ಕಿಬಿದ್ದಾಗ ಸರಿ, ಆದರೆ ತೂತಿಗೆ ಕಟ್ಟಿಕೊಳ್ಳುವುದು ಟ್ಯೂಬಿಗೂ ಕಟ್ಟಿಕೊಳ್ಳುತ್ತದೆ ಮಾರಾಯ.

ಹೊಸ ಕೋರ್ ಮಾಡಿಸಲು ಮೈಸೂರಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋಗುವುದಾದರೆ 'ಜೀಪಿನ ರೇಡಿಯೇಟರ್' ಅಂತ ಕೇಳಬೇಡ. ಮಹೀಂದ್ರದ ಹಳೇ ಗಾಡಿಗಳಲ್ಲಿ ಎಂಜಿನ್ ಬದಲಾದಂತೆ ಹೋಸಿನ ಜಾಗವೂ ಬದಲಾಗಿದೆ. ನಿನ್ನದು 2112 ಸಿಸಿಯ ಪ್ಯೂಜೋ ಎಂಜಿನ್ ಅಂತ ಮೊದಲೇ ಹೇಳು. ಹಳೇದನ್ನೇ ಹೊತ್ತುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಟ್ಯಾಂಕ್ ಬಿಟ್ಟು ಕೋರಿನ ಎತ್ತರ, ಅಗಲ, ದಪ್ಪ. ಎರಡೂ ಕೊಳವೆಗಳ ಹೊರವ್ಯಾಸ, ಅವು ಎಡಕ್ಕೋ ಬಲಕ್ಕೋ ಮತ್ತು ಎಷ್ಟು ಓರೆ. ಬೋಲ್ಟ್ ತೂತುಗಳ ನಡುವಿನ ದೂರ. ಕೋರಿನ ಕೆಳ ಅಂಚಿನಿಂದ ಫ್ಯಾನಿನ ನಡುವಿನವರೆಗಿನ ಎತ್ತರ. ಮುಚ್ಚಳದ ಕಂಠದ ಆಳ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಂಠದ ಆಳಕ್ಕೆ ಹೊಂದದ ಮುಚ್ಚಳ ಒಂದೋ ಒತ್ತಡ ಹಿಡಿಯುವುದಿಲ್ಲ, ಇಲ್ಲವೇ ಬಿಡುವುದಿಲ್ಲ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಬಾಯಿಗಳನ್ನು ಮುಚ್ಚಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮುಚ್ಚಳದ ಮೇಲೆ ಬರೆದ ಒತ್ತಡಕ್ಕಿಂತ ತುಸುವೇ ಹೆಚ್ಚು ಗಾಳಿ ಹಾಕಿಸಿ ಹತ್ತು ನಿಮಿಷ ಬಿಡಿಸು. ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ: ಹಿತ್ತಾಳೆ ಟ್ಯಾಂಕಿಗೆ ಅದು ಅಂಟುವುದಿಲ್ಲ, ಬಣ್ಣ ಬಳಿದ ತಗಡಿಗೆ ಅಂಟುತ್ತದೆ.

ಮುಚ್ಚಳದ ಬಗ್ಗೆ ಇನ್ನೆರಡು ಮಾತು. ಬರೀ ನೀರು 96 ಡಿಗ್ರಿಗೆ ಕುದಿಯುವ ಊರಿನಲ್ಲಿ 7 ಪಿಎಸ್ಐ (ಒತ್ತಡದ ಅಳತೆ) ಮುಚ್ಚಳ ಹಾಕಿದರೆ ಸುಮಾರು 108ರವರೆಗೂ, 13 ಪಿಎಸ್ಐ ಹಾಕಿದರೆ ಸುಮಾರು 116ರವರೆಗೂ ಕುದಿಯದೆ ನಿಲ್ಲುತ್ತದೆ. ಹಾಗಂತ 7ರ ಜಾಗಕ್ಕೆ 13ರದ್ದು ಹಾಕಬೇಡ. ಹಳೇ ಬೆಸುಗೆಯ ಟ್ಯಾಂಕ್ ಅದನ್ನು ತಡೆಯುವುದಿಲ್ಲ, ತಡೆದರೂ ಹೀಟರ್ ಹೋಸೋ ಪಂಪಿನ ಸೀಲೋ ಕೈಕೊಡುತ್ತದೆ. ಗಾಡಿಗೆ ಯಾವುದು ಬಂದಿತ್ತೋ ಅದೇ, ಆದರೆ ಹೊಸದು. ಎಂಜಿನ್ ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ಅಂಟಿಕೊಂಡಿದೆ ಅಂತ ತಿಳಿ.

ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಷ್ಟೇ ಕೋರಿನಿಂದ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆ ಸುಮ್ಮನೆ ಕೂತಿರುತ್ತವೆ. ಬಿಸಿಗಾಳಿಯೇ ಸುತ್ತಿ ಮತ್ತೆ ಮುಂದೆ ಬರುತ್ತದೆ. ನಿನ್ನದರಲ್ಲಿ ಯಾರೋ ಕಿತ್ತು ಎಸೆದಿದ್ದಾರೆ ಅಂತ ಬರೆದಿದ್ದೀಯಲ್ಲ, ಏರಿನಲ್ಲಿ ಮುಳ್ಳು ಹತ್ತುವುದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ತಗಡಿನಲ್ಲಿ ಮಾಡಿಸು. ಎಲೆಯ ಅಗಲದ ಅರ್ಧದಷ್ಟು ಶ್ರೌಡಿನ ಒಳಗಿರಲಿ, ಎಲೆಯ ತುದಿಗೂ ಅಂಚಿಗೂ ಸುತ್ತ 15-20 ಮಿಲಿಮೀಟರ್ ಇರಲಿ. ಹೊಳೆ ದಾಟುವಾಗ ನೀರು ಫ್ಯಾನ್ ಮುಟ್ಟುವಷ್ಟಿದ್ದರೆ ಬೆಲ್ಟ್ ಸಡಿಲಿಸಿಯೇ ಇಳಿ. ನೀರು ಕಡೆಯುವ ಎಲೆಗಳು ಮುಂದಕ್ಕೆ ಬಾಗಿ ಹೊಸ ಕೋರನ್ನೇ ಕೊರೆದುಬಿಡುತ್ತವೆ.

ಕೂರಿಸುವ ದಿನ ಥರ್ಮೋಸ್ಟಾಟ್ ತೆಗೆದು ಎಂಜಿನ್ ಒಳಗೆ ಹಿಮ್ಮುಖವಾಗಿ ನೀರು ಬಿಟ್ಟು, ಸ್ವಚ್ಛ ನೀರು ಬರುವವರೆಗೂ ತೊಳಿ. ಇಲ್ಲದಿದ್ದರೆ ಬ್ಲಾಕಿನ ತುಕ್ಕೆಲ್ಲ ಹೊಸ ಟ್ಯೂಬಿಗೇ ಬಂದು ಕೂರುತ್ತದೆ. ಎರಡೂ ಹೋಸ್, ಕ್ಲಿಪ್, ಬೆಲ್ಟ್ ಹೊಸದು. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇದ್ದರೆ ಹೊಸದಕ್ಕೂ ಇರಬೇಕು, ಪಂಪ್ ಎಳೆಯುವಾಗ ಅದು ಮಡಚಿಕೊಳ್ಳದಿರಲಿ ಅಂತ. ರೇಡಿಯೇಟರ್ ಕೂರುವ ಕಡೆ ರಬ್ಬರ್ ವಾಷರ್ ಬಿಡದೆ ಹಾಕು. ಫ್ರೇಮಿಗೆ ನೇರ ಬಿಗಿದರೆ ಮೊದಲು ಬಿಡುವುದು ಪಕ್ಕದ ಪಟ್ಟಿಯ ಬೆಸುಗೆ.

ಬಾವಿ ನೀರು, ತೋಡಿನ ನೀರು ಬೇಡ. ಡಿಸ್ಟಿಲ್ಡ್ ವಾಟರ್ ಎರಡು ಪಾಲು, ತಾಮ್ರ-ಹಿತ್ತಾಳೆಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ, ನೀರು ಬೆರೆಸದ ಗಟ್ಟಿ ಕೂಲೆಂಟ್ ಒಂದು ಪಾಲು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಅರ್ಧಕ್ಕರ್ಧ ಬೆರೆಸುವ ಅಗತ್ಯವಿಲ್ಲ. ನಮಗೆ ಬೇಕಿರುವುದು ತುಕ್ಕು ತಡೆಯುವ ಗುಣ. ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ತಂದರೆ ಮತ್ತೆ ನೀರು ಬೆರೆಸಬೇಡ. ಹಳೇ ಕೂಲೆಂಟ್ ಅಂಗಳದಲ್ಲಿ ಚೆಲ್ಲಬೇಡ. ಸಿಹಿಯಾಗಿರುತ್ತದೆ ಅಂತ ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು ಅದರ ಕಿಡ್ನಿ ಹೋಗಲು.

ತುಂಬಿಸುವಾಗ ಜೀಪಿನ ಮೂತಿ ಏರಿನ ಕಡೆಗಿರಲಿ, ಅದಕ್ಕೇನು ನಿನ್ನ ಮನೆ ಮುಂದೆ ಜಾಗಕ್ಕೆ ಬರವಿಲ್ಲ. ಹೀಟರ್ ಇದ್ದರೆ ಅದರ ವಾಲ್ವ್ ತೆರೆದಿಡು. ನಿಧಾನ ಸುರಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸು, ಥರ್ಮೋಸ್ಟಾಟ್ ತೆರೆದಾಗ ಮಟ್ಟ ಧಡಕ್ಕನೆ ಇಳಿಯುತ್ತದೆ, ಮತ್ತೆ ತುಂಬಿಸು. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡು. ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಿಪ್‌ಗಳನ್ನು ಅರ್ಧ ಸುತ್ತು ಬಿಗಿಗೊಳಿಸು, ಬೆಲ್ಟ್ ಹೆಬ್ಬೆರಳಿಗೆ 10-12 ಮಿಲಿಮೀಟರ್ ಬಗ್ಗುತ್ತದೋ ನೋಡು.

ಕಾಫಿ ಕುಯ್ಲು ಶುರುವಾಗುವ ಮೊದಲು, ನವೆಂಬರಿಗೆ ಮುಂಚೆ ಮಾಡಿಸಿಬಿಡು. ಆಮೇಲೆ ಜೀಪಿಗೆ ಒಂದು ದಿನವೂ ಬಿಡುವು ಸಿಗುವುದಿಲ್ಲ. ಅಳತೆ ಬರೆದುಕೊಂಡ ಮೇಲೆ ಅಂಗಡಿಗೆ ಹೊರಡುವ ಮುನ್ನ ನನಗೊಂದು ಫೋಟೊ ಕಳಿಸು, ಕಂಠದ ಆಳ ಬರೆದಿದ್ದೀಯೋ ಇಲ್ಲವೋ ನೋಡುತ್ತೇನೆ.

ನಿನ್ನ
ಗೆಳೆಯ