ಜುಲೈ 21ರಂದು ಸತ್ತ ಪೊಲೀಸರನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ನಮ್ಮ ನರಗುಂದದಲ್ಲಿ ಪ್ರತಿ ವರ್ಷ ಜುಲೈ 21ಕ್ಕೆ ರೈತ ಹುತಾತ್ಮರ ದಿನ ನಡೆಯುತ್ತದೆ. ವೀರಗಲ್ಲಿಗೆ ಹಾರ ಬೀಳುತ್ತದೆ, ಎಲ್ಲ ಪಕ್ಷದವರೂ ಹಸಿರು ಟವೆಲ್ ಹಾಕಿಕೊಂಡು ಬರುತ್ತಾರೆ. ಭಾಷಣದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಎಂಬತ್ತರ ಬಂಡಾಯ ಇನ್ನೊಮ್ಮೆ ಆಗಬೇಕು, ಆಗಲೇ ಸರ್ಕಾರಕ್ಕೆ ಬುದ್ಧಿ ಬರೋದು.’ ಕೆಳಗೆ ಕೂತ ಹುಡುಗರು ಸಿಳ್ಳೆ ಹೊಡೆಯುತ್ತಾರೆ. ಆ ಹುಡುಗರು ಓದಲಿ ಅಂತ ಈ ಪತ್ರ.

1980ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಹೊಲ ಮಲಪ್ರಭಾ ಕಾಲುವೆಯ ತುದಿಗೆ ಇದೆ. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತ್ತು, ಕಾಲುವೆ ತೋಡಿದ್ದರು. ನಮ್ಮ ಹೊಲಕ್ಕೆ ನೀರು ಬರಲಿಲ್ಲ, ನೀರಾವರಿ ಆದ ಹೊಲಕ್ಕೆ ಹಾಕುವ ಅಭಿವೃದ್ಧಿ ಕರದ ನೋಟಿಸು ಬಂತು. ಅಪ್ಪ ಅದನ್ನು ಮಡಚಿ ತೊಲೆಯ ಸಂದಿಗೆ ಸಿಕ್ಕಿಸಿದರು. ಅವ್ವ ಕೇಳಿದಾಗಲೆಲ್ಲ ‘ನೀರು ಬಂದ ದಿವಸ ತಗೀತೇನಿ’ ಅನ್ನುತ್ತಿದ್ದರು. ಜಪ್ತಿಗೆ ಬರುತ್ತಾರೆ ಅನ್ನುವ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು, ಅವರಿಗೂ ಇತ್ತು. ಆದರೂ ಕಟ್ಟಲಿಲ್ಲ. ನರಗುಂದ, ನವಲಗುಂದ, ಸವದತ್ತಿ ಕಡೆ ಊರಿಗೆ ಊರೇ ಹೀಗೆ ನಿಂತಿತ್ತು. ನನ್ನ ಮಟ್ಟಿಗೆ ಬಂಡಾಯ ಅಂದರೆ ಅದು.

ಜುಲೈ 21ರಂದು ರೈತರು ತಹಸೀಲ್ದಾರ್ ಕಚೇರಿಯ ಮುಂದೆ ಅಡ್ಡ ಮಲಗಿದ್ದರು. ಮಲಗಿದವರನ್ನು ತುಳಿದುಕೊಂಡೇ ಅಧಿಕಾರಿ ಒಳಗೆ ಹೋದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆಮೇಲೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ಗೋಲಿಬಾರ್ ಆಯಿತು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂದಿ ಸತ್ತರು. ರೊಚ್ಚಿಗೆದ್ದ ಜನರ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಇಷ್ಟು ವರ್ಷದ ಭಾಷಣಗಳಲ್ಲಿ ಆ ಪೊಲೀಸರ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ಅವರಿಗೂ ಹೆಂಡತಿ ಮಕ್ಕಳು ಇದ್ದರು ಅಲ್ವಾ? ಆ ಕಾಲದಲ್ಲಿ ಪೇದೆ ಕೆಲಸಕ್ಕೆ ಹೋಗುತ್ತಿದ್ದವರು ಬಹಳ ಮಂದಿ ಒಕ್ಕಲು ಮನೆತನದ ಹುಡುಗರೇ.

ಆ ದಿನ ರಕ್ತ ಹರಿಯದಿದ್ದರೆ ರಾಜ್ಯ ಎಚ್ಚರಗೊಳ್ಳುತ್ತಿರಲಿಲ್ಲ ಅನ್ನುವವರಿದ್ದಾರೆ. ನಿಜ, ಆಮೇಲೆ ಚಳವಳಿ ರಾಜ್ಯದ ತುಂಬ ಹಬ್ಬಿತು. ಅದೇ ವರ್ಷ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಅವರ ಸರ್ಕಾರ ಸೋತಿತು. ಆದರೆ ಜನರ ಕರುಳು ಚುರ್ ಎಂದದ್ದು ರೈತರ ಹೆಣ ಬಿದ್ದಿದ್ದಕ್ಕೆ. ಪೊಲೀಸರನ್ನು ಕೊಂದದ್ದರಿಂದ ನಮಗೆ ಒಬ್ಬ ಗೆಳೆಯನೂ ಹೆಚ್ಚಾಗಲಿಲ್ಲ. ಒಂದು ವೇಳೆ ಲಾಭ ಆಗಿದ್ದರೂ ಅದನ್ನು ನಾನು ಸರಿ ಅನ್ನಲಾರೆ. ಕೈಗೆ ಸಿಕ್ಕ ಒಬ್ಬಂಟಿ ಮನುಷ್ಯನನ್ನು ನೂರು ಜನ ಸೇರಿ ಹೊಡೆಯುವುದಕ್ಕೆ ಹೋರಾಟ ಅನ್ನುವ ಹೆಸರು ಒಪ್ಪುವುದಿಲ್ಲ.

ಹಳೆಯ ಮಾತು ಬಿಡಿ, ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನುವ ಹೋರಾಟವನ್ನು ಈ ಹುಡುಗರು ಕಣ್ಣಾರೆ ಕಂಡಿದ್ದಾರೆ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. ಬಿಸಿಲಿರಲಿ ಮಳೆಯಿರಲಿ, ಚಪ್ಪರ ಖಾಲಿ ಆಗಲಿಲ್ಲ. ಇವತ್ತು ಈ ಊರಿನವರು, ನಾಳೆ ಆ ಊರಿನವರು, ಟ್ರ್ಯಾಕ್ಟರಿನಲ್ಲಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೆಣ್ಣುಮಕ್ಕಳು ಬಿತ್ತನೆ, ಕಳೆ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಒಂದು ದಿನದ ಕೂಲಿ ಹೋದರೆ ಆ ಮನೆಗೆ ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ವರ್ಷ ಕಳೆದರೂ ಬೆಂಗಳೂರು, ದೆಹಲಿಗೆ ಅದು ಕಾಣಲೇ ಇಲ್ಲ.

2016ರ ಜುಲೈ 27ರಂದು, ನಾವು ಕೇಳಿದ್ದ 7.56 ಟಿಎಂಸಿ ನೀರು ಕೊಡಲು ಆಗುವುದಿಲ್ಲ ಅಂತ ಮಹದಾಯಿ ಜಲವಿವಾದ ನ್ಯಾಯಮಂಡಳಿ ಹೇಳಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ಕಲ್ಲು, ಬೆಂಕಿ ಬಿತ್ತು. ಒಂದೇ ದಿನಕ್ಕೆ ಟಿವಿಯವರೆಲ್ಲ ಓಡಿ ಬಂದರು. ಇಲ್ಲೇ ಸರ್ಕಾರದ ದೊಡ್ಡ ತಪ್ಪಿದೆ. ವರ್ಷ ಕೂತವರಿಗೆ ಸಿಗದ ಕಿವಿ ಒಂದು ಕಲ್ಲಿಗೆ ಸಿಕ್ಕರೆ, ಹುಡುಗರು ಕಲಿಯುವ ಪಾಠ ಯಾವುದು?

ಆದರೆ ಆಮೇಲೆ ಏನಾಯಿತು? ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಮುದುಕರು, ಹೆಂಗಸರು ಅನ್ನದೆ ಹೊಡೆದರು. ಆ ವಿಡಿಯೋ ರಾಜ್ಯವೇ ನೋಡಿತು. ಕಲ್ಲು ಎಸೆದವರು ಅಷ್ಟೊತ್ತಿಗೆ ಎಲ್ಲೋ ಇದ್ದರು, ಪೆಟ್ಟು ತಿಂದವರು ಮನೆಯಲ್ಲಿದ್ದವರು. ನೂರಕ್ಕೂ ಹೆಚ್ಚು ಜನ ಜೈಲು ಸೇರಿದರು. ಊರಿನ ಮಾತು ನೀರಿನ ಬಗ್ಗೆ ನಿಂತು ಜಾಮೀನಿನ ಬಗ್ಗೆ ಶುರುವಾಯಿತು. ಪೊಲೀಸರ ಆ ಕ್ರೌರ್ಯಕ್ಕೆ ಕಲ್ಲು ನೆಪ ಆಯಿತು ಅಷ್ಟೇ, ಅದು ಅವರ ತಪ್ಪನ್ನು ಅಳಿಸುವುದಿಲ್ಲ. ಆದರೆ ನೆಪ ಕೊಟ್ಟವರು ನಮ್ಮವರೇ. ಇನ್ನೊಂದು ಮಾತು. ಕಚೇರಿಯಲ್ಲಿ ಸುಡುವ ಕಾಗದ ಮಂತ್ರಿಯದಲ್ಲ. ಬೆಳೆ ಸಾಲಕ್ಕೆ ಒಂದು ಉತಾರ (ಪಹಣಿ) ಬೇಕಾದರೆ ಎಷ್ಟು ಸಲ ಅಲೆಯಬೇಕು ಅಂತ ರೈತನ ಮಗನಿಗೆ ನಾನು ಹೇಳಬೇಕೇ?

2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿತು. ಅದನ್ನು ತಂದದ್ದು ವಕೀಲರ ವಾದ, ನೀರಿನ ಲೆಕ್ಕ. ಆ ವಿಚಾರ ಸಾಯದಂತೆ ಕಾಯ್ದದ್ದು ಚಪ್ಪರದಲ್ಲಿ ಕೂತವರು.

ನನ್ನ ಕೇಳಿಕೆ ಎರಡೇ. ಸರ್ಕಾರದವರು ಶಾಂತವಾಗಿ ಕೂತವರ ಹತ್ತಿರ ಕಲ್ಲು ಬೀಳುವ ಮೊದಲೇ ಬರಲಿ. ತಿಂಗಳಿಗೊಮ್ಮೆಯಾದರೂ ಜಿಲ್ಲಾ ಉಸ್ತುವಾರಿ ಸಚಿವರು ಚಪ್ಪರಕ್ಕೆ ಬಂದು ಕೂತು, ಏನಾಗಿದೆ, ಏನಾಗಿಲ್ಲ ಅಂತ ಬರೆದು ಕೊಡಲಿ. ಮತ್ತೆ ನಮ್ಮ ರೈತ ಸಂಘಗಳ ಹಿರಿಯರು ಬರುವ ಜುಲೈ 21ರಂದು ಈರಪ್ಪನವರ ಹೆಸರಿನ ಜೊತೆಗೆ ಅಂದು ಸತ್ತ ಪೊಲೀಸರ ಹೆಸರುಗಳನ್ನೂ ವೇದಿಕೆಯಲ್ಲಿ ಓದಲಿ. ಅವರ ಮನೆಯವರು ಎಲ್ಲಿದ್ದಾರೆ ಅಂತ ಹುಡುಕಿ, ಕಾರ್ಯಕ್ರಮಕ್ಕೆ ಕರೆಯಲಿ. ಹುಡುಕುವ ಓಡಾಟಕ್ಕೆ ನಾನು ಬರುತ್ತೇನೆ.

– ಮಲಪ್ರಭಾ ಅಚ್ಚುಕಟ್ಟಿನ ಒಬ್ಬ ರೈತ, ನರಗುಂದ ತಾಲ್ಲೂಕು